ಎಲ್ಲವೂ ಬೇಕಲೈಟ್ ಅಲ್ಲ: ಹಳೆಯ ರೇಡಿಯೋ ಯಾವ ಪ್ಲಾಸ್ಟಿಕ್ಕಿನದು?

ಪ್ರಶ್ನೆ: ನನ್ನ ಹತ್ತಿರ ನಾಲ್ಕು ಹಳೆಯ ವಾಲ್ವ್ (ಗಾಜಿನ ಕೊಳವೆಯ) ರೇಡಿಯೋಗಳಿವೆ. ಒಂದು ಕಡುಕಂದು, ಮೈತುಂಬ ಕೆಂಪು-ಕಪ್ಪು ಎಳೆಗಳು. ಎರಡನೆಯದು ಜೇನಿನ ಬಣ್ಣದ್ದು, ಬೆಳಕಿಗೆ ಹಿಡಿದರೆ ಅಂಚುಗಳು ಹೊಳೆಯುತ್ತವೆ. ಮೂರನೆಯದು ದಂತದ ಬಣ್ಣ. ಮೂಲೆಯಲ್ಲಿ ಚೂರು ಎದ್ದಿದೆ, ಅಲ್ಲಿ ಕಂದು ಕಾಣುತ್ತದೆ. ನಾಲ್ಕನೆಯದು ಹಗುರ. ಅದರ ಸ್ಪೀಕರ್ ಮುಂದಿನ ಜಾಲರಿ ಸೊಟ್ಟಗಾಗಿದೆ, ಮೂಗಿನ ಹತ್ತಿರ ತಂದರೆ ಹುಳಿ ವಾಸನೆ. ಮಾರಿದವರು ನಾಲ್ಕನ್ನೂ ‘ಬೇಕಲೈಟ್’ ಎಂದೇ ಕೊಟ್ಟರು. ಸೂಜಿ ಕಾಯಿಸಿ ಚುಚ್ಚಿದರೆ ಗೊತ್ತಾಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಚುಚ್ಚಲೇ?

ಉತ್ತರ: ಚುಚ್ಚಬೇಡಿ. ಯಾಕೆ ಬೇಡ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾಲ್ಕೂ ರೇಡಿಯೋಗಳ ಪ್ಲಗ್ ಕಿತ್ತು, ಬೆನ್ನು ನಿಮ್ಮ ಕಡೆ ಬರುವಂತೆ ತಿರುಗಿಸಿಡಿ. ಹಳೆಯ ರೇಡಿಯೋ ತನ್ನ ಗುಟ್ಟನ್ನು ಮುಖದಲ್ಲಿ ಇಟ್ಟುಕೊಂಡಿರುವುದಿಲ್ಲ. ಮುಂಭಾಗಕ್ಕೆ ಯಾರೋ ಬಣ್ಣ ಬಳಿದಿರುತ್ತಾರೆ, ಇನ್ಯಾರೋ ಪಾಲಿಶ್ ತಿಕ್ಕಿರುತ್ತಾರೆ, ಉಳಿದದ್ದನ್ನು ಬಿಸಿಲು ನೋಡಿಕೊಂಡಿರುತ್ತದೆ. ಒಳಗೋಡೆಯ ತಂಟೆಗೆ ಹೋದವರು ಕಡಿಮೆ. ಈ ಪೆಟ್ಟಿಗೆಯನ್ನು ಪುಡಿ ಒತ್ತಿ ಮಾಡಿದರೋ, ದ್ರವ ಸುರಿದು ಮಾಡಿದರೋ, ಕರಗಿಸಿ ಅಚ್ಚಿಗೆ ತಳ್ಳಿ ಮಾಡಿದರೋ ಎಂಬುದರ ಗುರುತು ಅಲ್ಲೇ ಇರುತ್ತದೆ. ಮೂರರಲ್ಲಿ ಯಾವುದೆಂದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಬೆನ್ನುಹಲಗೆ ಬಿಚ್ಚುವ ಮುನ್ನ ಒಂದು ಎಚ್ಚರಿಕೆ. ಆ ಕಾಲದ ಎಷ್ಟೋ ಸಣ್ಣ ರೇಡಿಯೋಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ. ಕರೆಂಟಿನ ಒಂದು ತಂತಿ ನೇರವಾಗಿ ಚಾಸಿಸ್‌ಗೇ, ಅಂದರೆ ಒಳಗಿನ ಭಾಗಗಳನ್ನು ಕೂರಿಸುವ ಲೋಹದ ಚೌಕಟ್ಟಿಗೇ, ಸೇರಿರುತ್ತಿತ್ತು. ಬಳಸುವವರನ್ನು ಶಾಕಿನಿಂದ ಕಾಯುತ್ತಿದ್ದದ್ದು ಪೆಟ್ಟಿಗೆ ಮತ್ತು ನಾಬ್‌ಗಳ ಪ್ಲಾಸ್ಟಿಕ್ಕೇ. ನಾಬ್ ಕಿತ್ತು ಪರೀಕ್ಷೆ ಮಾಡುವ ಉತ್ಸಾಹದಲ್ಲಿ ಪ್ಲಗ್ ಮರೆಯಬೇಡಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರಬಹುದು, ಒಳಗೆ ಬರಿಗೈ ಹಾಕಬೇಡಿ.

ಈಗ ಕಂದು ರೇಡಿಯೋ. ನಿಮ್ಮ ನಾಲ್ಕರಲ್ಲಿ ನೋಡಿದ ಕೂಡಲೇ ಬೇಕಲೈಟ್ ಎನ್ನಬಹುದಾದದ್ದು ಇದು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೋ ಬೇಕೆಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ಎರಡು ರಾಸಾಯನಿಕಗಳನ್ನು ಸೇರಿಸಿ ಮಾಡಿದ ರಾಳ ಇದು; 1909ರಲ್ಲಿ ಲೋಕಕ್ಕೆ ತಿಳಿಸಿದ. ಬರೀ ರಾಳ ಪೆಡಸು, ಒತ್ತಿದರೆ ಒಡೆಯುತ್ತದೆ. ಅದಕ್ಕೆ ನುಣ್ಣಗಿನ ಮರದ ಪುಡಿ, ಹತ್ತಿಯ ನಾರು, ಕೆಲವು ಕಡೆ ಕಲ್ನಾರು (ಆಸ್ಬೆಸ್ಟಾಸ್) ಬೆರೆಸಿ ಪುಡಿ ಮಾಡುತ್ತಿದ್ದರು. ಆ ಪುಡಿಯನ್ನು ಉಕ್ಕಿನ ಅಚ್ಚಿಗೆ ಸುರಿದು, ಸುಮಾರು 150ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಭಾರೀ ಒತ್ತಡ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಪೆಟ್ಟಿಗೆ ಸಿದ್ಧ. ಒಮ್ಮೆ ಗಟ್ಟಿಯಾದರೆ ಮುಗಿಯಿತು. ಸುಟ್ಟ ಮಡಕೆ ಮತ್ತೆ ಜೇಡಿಯಾಗದ ಹಾಗೆ, ಎಷ್ಟು ಕಾಯಿಸಿದರೂ ಅದು ಕರಗುವುದಿಲ್ಲ, ಕರಕಾಗುತ್ತದೆ ಅಷ್ಟೆ.

ರಾಳವೇ ಕಂದು, ಬೆರೆಸಿದ ಮರದ ಪುಡಿಯೂ ಕಂದು. ಹಾಗಾಗಿ ಈ ಒತ್ತಿದ ಬೇಕಲೈಟ್‌ನಲ್ಲಿ ಕಂದು, ಕಪ್ಪು, ಕಡುಗೆಂಪಿನಂಥ ಬಣ್ಣಗಳೇ ಹೆಚ್ಚು. ನಿಮ್ಮದರಲ್ಲಿರುವ ಎಳೆಗಳು ಆಕ್ರೋಟ್ ಮರವನ್ನು ಅನುಕರಿಸಲು ಎರಡು ಬಣ್ಣದ ಪುಡಿ ಬೆರೆಸಿ ಒತ್ತಿದ್ದರ ಫಲ. ಒಳಗೋಡೆ ನೋಡಿ: ಹೊರಗಿನಷ್ಟು ಹೊಳಪಿಲ್ಲ, ಆದರೆ ಅದೇ ಬಣ್ಣ, ಅದೇ ಎಳೆ. ಚಾಸಿಸ್ ಕೂರಿಸುವ ಗುಬಟುಗಳು, ಬಲಕ್ಕೆಂದು ಕೊಟ್ಟ ಪಟ್ಟಿಗಳು, ಕೆಲವೊಮ್ಮೆ ಉಬ್ಬಿದ ಅಂಕಿ-ಅಕ್ಷರ, ಎಲ್ಲವೂ ಪೆಟ್ಟಿಗೆಯ ಜೊತೆಗೇ ಒಂದೇ ಏಟಿಗೆ ಬಂದಿರುತ್ತವೆ. ಅಚ್ಚಿನ ಎರಡು ಭಾಗ ಸೇರುವಲ್ಲಿ ಹೊರಚೆಲ್ಲಿದ ತೆಳು ಪದರವನ್ನು ಅರದಿಂದ ಉಜ್ಜಿದ ಗೆರೆ ಅಂಚಿನಲ್ಲಿ ಸಿಗಬಹುದು. ಎಲ್ಲಾದರೂ ಚೂರು ಹಾರಿದ್ದರೆ ಭೂತಗನ್ನಡಿ ಹಿಡಿಯಿರಿ. ಮುರಿದ ಮೈ ಗಾಜಿನಂತೆ ಹೊಳೆಯುವುದಿಲ್ಲ. ಮಂಕಾಗಿ, ಕಾಳುಕಾಳಾಗಿ, ಒತ್ತಿದ ಮರದ ಹೊಟ್ಟಿನಂತೆ ಕಾಣುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ‘ಟಕ್’ ಎಂಬ ಮೊಂಡು ಸದ್ದು.

ಇನ್ನೂ ಅನುಮಾನವಿದ್ದರೆ ಒಂದು ನಾಬ್ ಬಿಚ್ಚಿ, ಹಿಂಬದಿಯನ್ನು ಕಾಲು ನಿಮಿಷ ಬಿಸಿನೀರಿಗೆ ಹಿಡಿದು ತಕ್ಷಣ ಮೂಸಿ ನೋಡಿ. ಆಸ್ಪತ್ರೆಯ ನೆಲ ಒರೆಸಿದ ಹಾಗೆ, ಕಾರ್ಬಾಲಿಕ್ ಸೋಪಿನ ಹಾಗೆ ವಾಸನೆ ಬಂದರೆ ಅದು ಫೀನಾಲಿನ ಸಂತಾನ. ಆದರೆ ನಾಬ್ ಬೇಕಲೈಟ್ ಎಂದ ಮಾತ್ರಕ್ಕೆ ಪೆಟ್ಟಿಗೆಯೂ ಅದೇ ಎಂದುಕೊಳ್ಳಬೇಡಿ. ಒಂದೇ ರೇಡಿಯೋದಲ್ಲಿ ಮೂರು ಬಗೆಯ ಪ್ಲಾಸ್ಟಿಕ್ ಇರುವುದು ತೀರಾ ಸಾಮಾನ್ಯ.

1933ರ ಜರ್ಮನಿಯ ಫೋಕ್ಸ್‌ಎಂಪ್‌ಫೆಂಗರ್ ವಿಇ 301, ಇಂಗ್ಲೆಂಡಿನಲ್ಲಿ ವೆಲ್ಸ್ ಕೋಟ್ಸ್ ವಿನ್ಯಾಸ ಮಾಡಿದ 1934ರ ದುಂಡನೆಯ ಎಕ್ಕೋ ಎಡಿ 65, ಇವೆಲ್ಲ ಈ ಒತ್ತಿದ ಜಾತಿಯವು. ಫಿಲಿಪ್ಸ್ ಕಂಪನಿ ತನ್ನದೇ ಫೀನಾಲ್ ಪ್ಲಾಸ್ಟಿಕ್ಕನ್ನು ‘ಫಿಲೈಟ್’ ಎಂದು ಕರೆಯುತ್ತಿತ್ತು. ಹೆಸರು ಬೇರೆ, ಕುಲ ಅದೇ. ಅಂದಹಾಗೆ, ‘ಬೇಕಲೈಟ್’ ಎಂಬುದು ಒಂದು ಕಂಪನಿಯ ಟ್ರೇಡ್‌ಮಾರ್ಕ್. ಹಳೆಯ ಗಟ್ಟಿ ಪ್ಲಾಸ್ಟಿಕ್ಕಿಗೆಲ್ಲ ಆ ಹೆಸರು ಅಂಟಿಕೊಂಡಿತು, ನಿಮಗೆ ಮಾರಿದವರೂ ಅದನ್ನೇ ಹೇಳಿದರು. ಮೋಸವೇ ಇರಬೇಕೆಂದಿಲ್ಲ, ಅಭ್ಯಾಸಬಲ.

ಜೇನಿನ ಬಣ್ಣದ ರೇಡಿಯೋ ವಿಷಯದಲ್ಲಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ನೀವು ಹೇಳಿದ ಲಕ್ಷಣ ಕ್ಯಾಟಲಿನ್‌ನದು. ಇದೂ ಫೀನಾಲ್-ಫಾರ್ಮಾಲ್ಡಿಹೈಡ್ ರಾಳವೇ. ಬೇಕೆಲ್ಯಾಂಡ್‌ನ ಮೂಲ ಪೇಟೆಂಟಿನ ಅವಧಿ 1927ರ ಹೊತ್ತಿಗೆ ಮುಗಿದ ಮೇಲೆ ಅಮೆರಿಕನ್ ಕ್ಯಾಟಲಿನ್ ಕಾರ್ಪೊರೇಷನ್ ಇದನ್ನು ಬೇರೆ ದಾರಿಯಲ್ಲಿ ಮಾಡಿತು: ಮರದ ಪುಡಿ ಬೆರೆಸಲಿಲ್ಲ, ಒತ್ತಡವನ್ನೂ ಕೊಡಲಿಲ್ಲ. ಪಾಕದಂಥ ರಾಳಕ್ಕೆ ಬಣ್ಣ ಕಲಸಿ ಸೀಸದ ಅಚ್ಚಿಗೆ ಸುರಿದು, ಹದವಾದ ಬಿಸಿಯ ಒಲೆಯಲ್ಲಿ ದಿನಗಟ್ಟಲೆ ಇಡುತ್ತಿದ್ದರು. ಹೊರತೆಗೆದ ಒರಟು ಪೆಟ್ಟಿಗೆಯನ್ನು ಕೊರೆದು, ಉಜ್ಜಿ, ಕೈಯಿಂದ ಪಾಲಿಶ್ ಮಾಡಬೇಕಿತ್ತು. ಈ ಪಾಟಿ ದುಡಿತ ಬೇಡುತ್ತಿದ್ದ ಕಾರಣದಿಂದಲೇ ಕ್ಯಾಟಲಿನ್ ರೇಡಿಯೋಗಳ ಕಾಲ ಹೆಚ್ಚು ದಿನ ನಡೆಯಲಿಲ್ಲ. 1930ರ ದಶಕದ ಕೊನೆಯಲ್ಲಿ ಶುರುವಾಗಿ 1940ರ ದಶಕ ಮುಗಿಯುವಷ್ಟರಲ್ಲಿ ಮುಗಿದೇ ಹೋಯಿತು.

ಒಳಗೋಡೆ ಇಲ್ಲಿ ಬೇರೆಯೇ ಕಥೆ ಹೇಳುತ್ತದೆ. ಅಚ್ಚಿನ ಜೋಡಣೆ ಗೆರೆಯಾಗಲಿ, ಉಬ್ಬಕ್ಷರವಾಗಲಿ ಸಿಗುವುದಿಲ್ಲ. ಸಿಗುವುದು ಅರದ ಗೀರು, ಕೊರೆದ ತೂತು, ಉಜ್ಜಿದ ಗುರುತು. ಗೋಡೆ ಬೇಕಲೈಟಿಗಿಂತ ದಪ್ಪ. ಕೆಲಸಗಾರನೊಬ್ಬ ಇದರ ಮೇಲೆ ಬಗ್ಗಿ ಕೂತಿದ್ದ ಎಂಬುದು ಬೆನ್ನುಹಲಗೆ ತೆಗೆದಾಗ ಎದ್ದು ಕಾಣುತ್ತದೆ. ಕೋಣೆಯ ದೀಪ ಆರಿಸಿ, ಪೆಟ್ಟಿಗೆಯೊಳಗೆ ಟಾರ್ಚ್ ಹಿಡಿಯಿರಿ. ಬೇಕಲೈಟ್ ಆದರೆ ಕತ್ತಲೆಯೇ ಗತಿ. ಕ್ಯಾಟಲಿನ್ ಆದರೆ ಅಂಚುಗಳೆಲ್ಲ ಕೆಂಡದಂತೆ ಬೆಳಗುತ್ತವೆ, ಬಣ್ಣದ ಸುಳಿಗಳು ಗೋಡೆಯ ಆಳದಲ್ಲಿ ತೇಲುವಂತೆ ಕಾಣುತ್ತವೆ. ನಾನು ಎಷ್ಟು ಸಲ ಮಾಡಿದರೂ ಬೇಸರವಾಗದ ಪರೀಕ್ಷೆ ಇದೊಂದೇ.

ನೀವು ‘ಜೇನಿನ ಬಣ್ಣ’ ಎಂದಿರಿ. ಅದು ಹುಟ್ಟಿದಾಗಲೂ ಜೇನಿನ ಬಣ್ಣದ್ದೇ ಆಗಿತ್ತೇ? ಕ್ಯಾಟಲಿನ್‌ನ ಮೈ ಗಾಳಿಬೆಳಕಿಗೆ ಹಳದಿಯಾಗುತ್ತ ಹೋಗುತ್ತದೆ. ಅಮೃತಶಿಲೆಯಂಥ ಬಿಳಿ ಬೆಣ್ಣೆಯಾಗಿ, ಆಮೇಲೆ ಜೇನಾಗುತ್ತದೆ. ನೀಲಿಯ ಮೇಲೆ ಹಳದಿ ಕೂತು ಹಸಿರಾಗುತ್ತದೆ. ಒಮ್ಮೆ ಪಾಚಿ ಹಸಿರಿನ ರೇಡಿಯೋ ಒಂದರ ನಾಬ್ ಕಿತ್ತಿದ್ದೆ. ನಾಬ್ ಕೂತಿದ್ದ ಜಾಗದಲ್ಲಿ ಬಳೆಯಷ್ಟಗಲದ ಒಂದು ವೃತ್ತ, ಬೇರೆ ಎಲ್ಲೂ ಇಲ್ಲದ ನೀಲಿ. ಡಯಲಿನ ಚೌಕಟ್ಟು ಬಿಚ್ಚಿದರೆ ಅಲ್ಲೂ ಅದೇ ನೀಲಿಯ ಗೆರೆ. ಮಾಲೀಕರು ಅಷ್ಟು ವರ್ಷವೂ ತಮ್ಮದು ಹಸಿರು ರೇಡಿಯೋ ಎಂದೇ ತಿಳಿದಿದ್ದರು. ನಿಮ್ಮದರ ನಾಬ್, ಹಿಡಿಕೆಯ ಬುಡ, ಡಯಲಿನ ಅಂಚು ನೋಡಿ. ಅಲ್ಲಿ ಬಿಳಿ ಕಂಡರೆ ನಿಮ್ಮ ಜೇನು ಮೂಲದಲ್ಲಿ ಬಿಳಿಯದು. ಫಾಡಾ ಕಂಪನಿಯ ಗುಂಡಿನಾಕಾರದ ‘ಬುಲೆಟ್’, ನಾರ್ಮನ್ ಬೆಲ್ ಗೆಡ್ಡಿಸ್ ವಿನ್ಯಾಸದ 1940ರ ಎಮರ್ಸನ್ ‘ಪೇಟ್ರಿಯಟ್’ ಇಂಥ ಪ್ರಸಿದ್ಧ ಕ್ಯಾಟಲಿನ್ ಸೆಟ್‌ಗಳನ್ನು ಇಂದು ನೋಡುವವರು ಬಹುಪಾಲು ಕಾಣುವುದು ವಯಸ್ಸಿನ ಬಣ್ಣವನ್ನು, ಕಾರ್ಖಾನೆಯ ಬಣ್ಣವನ್ನಲ್ಲ. ಉಜ್ಜಿ ತೆಗೆದರೆ ಮೂಲ ಬಣ್ಣ ಬರುತ್ತದೆ ನಿಜ. ಉಜ್ಜಬೇಕೇ ಎಂಬುದು ಸಂಗ್ರಾಹಕರ ನಡುವಿನ ಹಳೆಯ ಜಗಳ. ನನ್ನ ಮತ ಬೇಡ ಎಂದು: ಒಂದು ಸಲ ತೆಗೆದ ಮೈ ತಿರುಗಿ ಬರುವುದಿಲ್ಲ, ಹಳದಿ ಮಾತ್ರ ಮತ್ತೆ ಬರುತ್ತದೆ.

ಕ್ಯಾಟಲಿನ್‌ಗೆ ಇನ್ನೊಂದು ಕಾಯಿಲೆ ಇದೆ, ಕುಗ್ಗುವುದು. ದಶಕಗಳ ಕಾಲ ಅದು ತುಸುತುಸುವೇ ಕುಗ್ಗುತ್ತದೆ, ಒಳಗಿನ ಲೋಹದ ಚಾಸಿಸ್ ಕುಗ್ಗುವುದಿಲ್ಲ. ಒಂದು ದಿನ ಪೆಟ್ಟಿಗೆ ಸೀಳುತ್ತದೆ. ಚಾಸಿಸ್ ಹೊರಗೆಳೆಯುವಾಗ ಬಿಗಿ ಎನಿಸಿದರೆ ಬಲ ಹಾಕಬೇಡಿ. ಹೊರಬಂದ ಮೇಲೆ ಮತ್ತೆ ಒಳಗೆ ತುರುಕಲೂ ಬೇಡಿ. ಲೋಹದ ಅಂಚನ್ನು ಸ್ವಲ್ಪ ಅರ ಹಾಕಿ ಸವೆಸುವುದೇ ವಾಸಿ. ವಾಲ್ವ್‌ಗಳ ನೇರ ಮೇಲಿನ ಒಳಛಾವಣಿಯಲ್ಲಿ ಕಪ್ಪಗೆ ಸುಟ್ಟ ಕಲೆ ಇದ್ದರೆ ಆ ಜಾಗದಲ್ಲಿ ಕೂದಲೆಳೆ ಬಿರುಕು ಹುಡುಕಿ. ಇಂಥದನ್ನು ಗಂಟೆಗಟ್ಟಲೆ ಹಾಡಿಸದಿರುವುದು ಒಳ್ಳೆಯದು.

ಖಚಿತಪಡಿಸಿಕೊಳ್ಳಲು ಲೋಹದ ಪಾಲಿಶ್ ಪರೀಕ್ಷೆ ಇದೆ. ಸಿಮಿಕ್ರೋಮ್ ಎಂಬ ಗುಲಾಬಿ ಪೇಸ್ಟನ್ನು ಬಿಳಿ ಬಟ್ಟೆಗೆ ಒಂದು ಹನಿ ತಾಕಿಸಿ, ಕಾಣದ ಕಡೆ ಮೆಲ್ಲಗೆ ತಿಕ್ಕಿದರೆ ಬಟ್ಟೆ ಹಳದಿಯಾಗುತ್ತದೆ. ರೇಡಿಯೋ ಯಾವ ಬಣ್ಣದ್ದೇ ಇರಲಿ, ಬಟ್ಟೆಗೆ ಬರುವುದು ಹಳದಿಯೇ. ಹಳದಿ ಬಂದರೆ ಫೀನಾಲ್ ಜಾತಿ ಎನ್ನಬಹುದು. ಬರದಿದ್ದರೆ ಅಲ್ಲ ಎನ್ನಲಾಗದು: ಮೇಲೆ ಮೇಣವೋ ವಾರ್ನಿಷೋ ಇದ್ದರೆ, ಯಾರಾದರೂ ಇತ್ತೀಚೆಗೆ ಉಜ್ಜಿ ಹೊಸದು ಮಾಡಿದ್ದರೆ, ಕಪ್ಪು ಬೇಕಲೈಟ್ ಆಗಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ.

ದಂತದ ಬಣ್ಣದ ಮೂರನೆಯ ರೇಡಿಯೋಗೆ ಉತ್ತರವನ್ನು ನೀವೇ ಬರೆದಿದ್ದೀರಿ, ಚೂರು ಎದ್ದಲ್ಲಿ ಕಂದು ಎಂದು. ಅದು ಬಣ್ಣ ಬಳಿದ ಬೇಕಲೈಟ್. ಬಿಳಿ ರೇಡಿಯೋ ಬೇಕೆಂದವರಿಗೆ ಕಾರ್ಖಾನೆಯವರೇ ಕಂದು ಪೆಟ್ಟಿಗೆಗೆ ದಂತದ ಬಣ್ಣ ಹೊಡೆದು ಕೊಡುತ್ತಿದ್ದರು, ಆದ್ದರಿಂದ ಬಣ್ಣ ಇದೆ ಎಂದ ಮಾತ್ರಕ್ಕೆ ಅದು ನಕಲಿ ಅಲ್ಲ. ದಯವಿಟ್ಟು ಕೆರೆದು ತೆಗೆಯಬೇಡಿ, ಅದು ಮೂಲದ್ದೇ ಇರಬಹುದು.

ಒಳಗೂ ಬಿಳಿಯೇ ಇರುವ ಪೆಟ್ಟಿಗೆ ಎಂದಾದರೂ ಕೈಗೆ ಬಂದರೆ ಅದು ಯೂರಿಯಾ-ಫಾರ್ಮಾಲ್ಡಿಹೈಡ್ ಇರಬಹುದು. ಅಮೆರಿಕದಲ್ಲಿ ‘ಪ್ಲಾಸ್ಕಾನ್’, ಇಂಗ್ಲೆಂಡಿನಲ್ಲಿ ‘ಬೀಟಲ್’ ಎಂಬ ಹೆಸರುಗಳಲ್ಲಿ ಪ್ರಸಿದ್ಧವಾಗಿತ್ತು. ಒತ್ತಿ ಮಾಡುವ ವಿಧಾನ ಬೇಕಲೈಟ್‌ನದೇ. ರಾಳಕ್ಕೆ ತನ್ನದೇ ಬಣ್ಣವಿಲ್ಲ, ಬೆರೆಸುತ್ತಿದ್ದದ್ದೂ ಬಿಳುಚಿದ ಸೆಲ್ಯುಲೋಸ್, ಹಾಗಾಗಿ ಅಪ್ಪಟ ಬಿಳಿ ಸಾಧ್ಯವಾಯಿತು. ಕ್ಯಾಟಲಿನ್‌ನಂತೆ ಇದು ಜೇನಾಗುವುದಿಲ್ಲ. ಆದರೆ ಮೈಮೇಲೆ ಸಣ್ಣಸಣ್ಣ ಬಿರುಕಿನ ಗೆರೆಗಳು ಏಳುತ್ತವೆ, ಅವುಗಳಲ್ಲಿ ಕೊಳೆ ಕೂತು ಹಳೆಯ ಪಿಂಗಾಣಿ ಬಟ್ಟಲಿನಂತೆ ಕಾಣುತ್ತದೆ. ಟಾರ್ಚ್ ಹಿಡಿದರೆ ತೆಳುವಾದ ಕಡೆ ಹಾಲಿನಂಥ ಮಬ್ಬು ಬೆಳಕು. ನೀರು ಹೀರುವ ಗುಣವಿರುವುದರಿಂದ ಇದನ್ನು ನೆನೆಹಾಕಿ ತೊಳೆಯುವ ಮಾತೇ ಇಲ್ಲ. ನೆನೆದರೆ ಮೈ ಒರಟಾಗಿ ಬಿರುಕು ಹೆಚ್ಚುತ್ತದೆ.

ನಾಲ್ಕನೆಯದು ಬೇರೆ ಕುಲ. ಹಗುರ ಎಂದಿರಿ, ಅಷ್ಟರಲ್ಲೇ ಅನುಮಾನ ಪಾಲಿಸ್ಟೈರೀನ್ ಕಡೆ ಹೋಗುತ್ತದೆ. ಎರಡನೆಯ ಮಹಾಯುದ್ಧದ ನಂತರ ರೇಡಿಯೋ ಪೆಟ್ಟಿಗೆಗಳನ್ನು ನಿಧಾನವಾಗಿ ಆವರಿಸಿಕೊಂಡ ಪ್ಲಾಸ್ಟಿಕ್ ಅದು. ಕಾಯಿಸಿದರೆ ಮೇಣದಂತೆ ಕರಗುತ್ತದೆ, ತಣ್ಣಗಾದರೆ ಗಟ್ಟಿ. ಎಷ್ಟು ಸಲ ಬೇಕಾದರೂ. ಕರಗಿಸಿ ಕಿರಿದಾದ ಕಂಡಿಯಿಂದ ಅಚ್ಚಿನೊಳಗೆ ತಳ್ಳುತ್ತಾರೆ. ಆ ಕಂಡಿಯ ಗುರುತು, ಮುರಿದ ತೊಟ್ಟಿನಂಥ ಸಣ್ಣ ಗಂಟು, ಒಳಗೋಡೆಯಲ್ಲೋ ತಳದಲ್ಲೋ ಇದ್ದೇ ಇರುತ್ತದೆ. ಅದನ್ನು ಹುಡುಕಿ. ದುಂಡನೆಯ ನಾಣ್ಯದಂಥ ಗುರುತುಗಳನ್ನು ನಂಬಬೇಡಿ, ಅವು ಅಚ್ಚಿನಿಂದ ಪೆಟ್ಟಿಗೆಯನ್ನು ಹೊರದೂಡಿದ ಕಡ್ಡಿಗಳವು. ಒತ್ತಿ ಮಾಡಿದ ಬೇಕಲೈಟ್‌ನಲ್ಲೂ ಇರುತ್ತವೆ. ಪಾಲಿಸ್ಟೈರೀನನ್ನು ಉಗುರಿನಿಂದ ತಟ್ಟಿದರೆ ತಗಡಿನಂತೆ ‘ಟಿಣ್’ ಎನ್ನುತ್ತದೆ. 1954ರಲ್ಲಿ ಬಂದ ರೀಜೆನ್ಸಿ ಟಿಆರ್-1 ಎಂಬ ಮೊದಲ ಜೇಬು ಟ್ರಾನ್ಸಿಸ್ಟರ್ ರೇಡಿಯೋದ ಕವಚವೂ ಇದೇ ವಸ್ತುವಿನದು.

ಇದನ್ನು ಪತ್ತೆಹಚ್ಚಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಉಪ್ಪುನೀರು. 100 ಮಿಲಿಲೀಟರ್ ನೀರಿಗೆ ಸುಮಾರು 36 ಗ್ರಾಂ ಉಪ್ಪು, ಅಂದರೆ ಇನ್ನು ಕರಗದು ಎನ್ನುವವರೆಗೆ ಹಾಕಿ ಕದಡಿದರೆ ನೀರಿನ ಸಾಂದ್ರತೆ 1.2ರ ಹತ್ತಿರ ಬರುತ್ತದೆ. ಪಾಲಿಸ್ಟೈರೀನ್‌ನದು ಸುಮಾರು 1.05, ತೇಲುತ್ತದೆ. ಬೇಕಲೈಟ್, ಕ್ಯಾಟಲಿನ್, ಯೂರಿಯಾ, ಸೆಲ್ಯುಲೋಸ್ ಅಸಿಟೇಟ್ (ಕೊನೆಯಲ್ಲಿ ಇದರ ಮಾತು ಬರುತ್ತದೆ) ಎಲ್ಲವೂ 1.25ಕ್ಕಿಂತ ಮೇಲೆ, ಮುಳುಗುತ್ತವೆ. ನಾಬನ್ನೋ ಮುರಿದ ಚೂರನ್ನೋ ಹಾಕಿ ನೋಡಿ, ಒಳಗಿನ ಸ್ಪ್ರಿಂಗು, ಸ್ಕ್ರೂ ತೆಗೆದು. ಹಿತ್ತಾಳೆಯ ಬುಡ ಕೂಡಿಸಿದ ನಾಬ್ ಆದರೆ ಲೆಕ್ಕ ತಪ್ಪುತ್ತದೆ. ಪರೀಕ್ಷೆ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒರೆಸಿ.

ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವದ ಪರೀಕ್ಷೆಯನ್ನೂ ಯಾರಾದರೂ ಹೇಳಿಯಾರು. ಬೇಕಲೈಟ್ ಅದಕ್ಕೆ ಜಗ್ಗುವುದಿಲ್ಲ, ಪಾಲಿಸ್ಟೈರೀನ್ ಕರಗಿ ಅಂಟಾಗುತ್ತದೆ. ಹೊಸದರಲ್ಲಿ ನಾನೂ ಮಾಡಿದ್ದೆ. ಹತ್ತಿಯಲ್ಲಿ ಅದ್ದಿ ಪೆಟ್ಟಿಗೆಯ ತಳಕ್ಕೆ ಮುಟ್ಟಿಸಿದೆ, ಏನೂ ಆದಂತೆ ಕಾಣಲಿಲ್ಲ, ಬೇಕಲೈಟೇ ಸರಿ ಎಂದುಕೊಂಡು ಅದೇ ಒದ್ದೆ ಕೈಯಲ್ಲಿ ರೇಡಿಯೋ ಎತ್ತಿಟ್ಟೆ. ಆ ಪಾಲಿಸ್ಟೈರೀನ್ ಪೆಟ್ಟಿಗೆಯ ಬಲಗಡೆ ನನ್ನ ಹೆಬ್ಬೆರಳಿನ ಅಚ್ಚು, ಗೆರೆಗೆರೆಯಾಗಿ, ಇವತ್ತಿಗೂ ಇದೆ.

ಇನ್ನು ಸೂಜಿ. ಗೆಳೆಯರು ಹೇಳಿದ್ದರಲ್ಲಿ ತರ್ಕವಿದೆ: ಕರಗುವ ಜಾತಿಯೊಳಗೆ ಬಿಸಿ ಸೂಜಿ ಇಳಿಯುತ್ತದೆ, ಕರಗದ ಜಾತಿಯಲ್ಲಿ ಇಳಿಯುವುದಿಲ್ಲ. ಆದರೆ ಇಳಿಯದ ಕಡೆಯೂ ಸುಟ್ಟ ಚುಕ್ಕೆ ಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸೆಲ್ಯುಲಾಯ್ಡ್. ಹಳೆಯ ರೇಡಿಯೋಗಳ ಡಯಲ್ ಮೇಲಿನ ಪಾರದರ್ಶಕ ಹಾಳೆ, ಅಲಂಕಾರದ ಪಟ್ಟಿ, ಆಮೆಚಿಪ್ಪಿನಂಥ ತುಣುಕುಗಳಲ್ಲಿ ಇದನ್ನು ಬಳಸಿದ್ದುಂಟು. ಇದು ಸೆಲ್ಯುಲೋಸ್ ನೈಟ್ರೇಟ್. ಕಿಡಿ ಸೋಕಿದರೆ ಭುಗಿಲೆನ್ನುತ್ತದೆ. ಬೆಚ್ಚಗಾಗುವಷ್ಟು ಬೆರಳಿನಿಂದ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದರಲ್ಲಿ ಕರ್ಪೂರವೇ ಇದೆ. ಮೂಗಿನಿಂದ ಗೊತ್ತಾಗುವುದಕ್ಕೆ ಬೆಂಕಿ ಯಾಕೆ?

ಕಲ್ನಾರಿನ ಮಾತು ಮೇಲೆ ಬಂತು. ಕೆಲವು ಬೇಕಲೈಟ್ ಪುಡಿಗಳಲ್ಲಿ ಅದಿರುತ್ತಿತ್ತು, ಅದರ ಧೂಳು ಉಸಿರಿನೊಳಗೆ ಹೋಗುವುದು ಅಪಾಯ. ವಾಲ್ವ್‌ಗಳ ಬಿಸಿ ತಡೆಯಲು ಪೆಟ್ಟಿಗೆಯೊಳಗೆ ಅಂಟಿಸಿದ ಬೂದುಬಿಳಿ ರಟ್ಟು ಕೂಡ ಕಲ್ನಾರಿನದೇ ಇರಬಹುದು. ಆ ರಟ್ಟನ್ನು ಕೆರೆಯಬೇಡಿ, ಬೇಕಲೈಟನ್ನು ಒಣಗಿದ್ದಾಗ ಉಜ್ಜುಕಾಗದದಿಂದ ತಿಕ್ಕಬೇಡಿ, ಡ್ರಿಲ್ ಹಿಡಿದ ಜಾಗದ ಧೂಳನ್ನು ಊದಬೇಡಿ. ಕಂದು ರೇಡಿಯೋ ಮಂಕಾಗಿದ್ದರೆ ತಿಕ್ಕಿದಷ್ಟೂ ಕೆಡುತ್ತದೆ. ಬಿಸಿಲು ಮೇಲಿನ ರಾಳದ ಪದರವನ್ನು ತಿಂದು ಮರದ ಪುಡಿಯನ್ನು ಹೊರಗೆ ಹಾಕಿರುತ್ತದೆ, ಹೊಳೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತುಸು ಮೇಣ ಹಚ್ಚಿ, ಅಷ್ಟಕ್ಕೇ ತೃಪ್ತಿಪಡಬೇಕು.

ಇತ್ತೀಚೆಗೆ ಎರಕ ಹೊಯ್ದ ನಕಲಿ ನಾಬ್‌ಗಳೂ ಓಡಾಡುತ್ತಿವೆ. ಒಳಗೆ ಗಾಳಿಗುಳ್ಳೆ ಕಂಡರೆ, ಬಿಸಿನೀರಿಗೆ ಹಿಡಿದಾಗ ಕಾರ್ಬಾಲಿಕ್ ವಾಸನೆ ಬರದಿದ್ದರೆ ಅನುಮಾನಿಸಿ. ತ್ರಿಕೋನದ ಬಾಣದೊಳಗೆ ಅಂಕಿ ಇರುವ ಮರುಬಳಕೆ ಚಿಹ್ನೆ ಇದ್ದರೆ ಅನುಮಾನವೇ ಬೇಡ, ಆ ಚಿಹ್ನೆ ಹುಟ್ಟಿದ್ದೇ 1988ರಲ್ಲಿ.

ಕೊನೆಗೆ ನಿಮ್ಮ ಹುಳಿ ವಾಸನೆಯ ಜಾಲರಿ. ಪೆಟ್ಟಿಗೆ ಪಾಲಿಸ್ಟೈರೀನ್ ಆಗಿದ್ದರೂ ಜಾಲರಿ ಅದಲ್ಲ, ಅದು ಸೆಲ್ಯುಲೋಸ್ ಅಸಿಟೇಟ್. ಈಸ್ಟ್‌ಮನ್ ಕಂಪನಿಯ ‘ಟೆನೈಟ್’ ಹೆಸರಿನಲ್ಲಿ ಇದರ ನಾಬ್, ಹಿಡಿಕೆ, ಜಾಲರಿ, ಡಯಲ್ ಚೌಕಟ್ಟುಗಳು ಬರುತ್ತಿದ್ದವು. ವಯಸ್ಸಾದಂತೆ ಇದು ಒಳಗಿನಿಂದಲೇ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಅದೇ ವಿನೆಗರ್ ವಾಸನೆ. ಇದರ ದಾಯಾದಿ ಅಸಿಟೇಟ್ ಬ್ಯೂಟಿರೇಟ್ ಆಗಿದ್ದರೆ ಹುಳಿಯ ಬದಲು ಕೆಟ್ಟ ಬೆಣ್ಣೆಯ ಕಮಟು. ಸೊಟ್ಟಗಾದದ್ದು ಕುಗ್ಗಿದ್ದರಿಂದ. ಬಿಸಿನೀರಿನಲ್ಲಿ ಮೆದುಮಾಡಿ ನೆಟ್ಟಗೆ ಮಾಡಲು ಹೊರಟವರನ್ನು ನೋಡಿದ್ದೇನೆ. ಕುಗ್ಗಿದ ಅಳತೆ ಮರಳಿ ಬರುವುದಿಲ್ಲ, ಸ್ಕ್ರೂ ತೂತುಗಳು ಹೊಂದುವುದಿಲ್ಲ, ಬಲವಂತ ಮಾಡಿದರೆ ಅಲ್ಲಿಂದಲೇ ಸೀಳುತ್ತದೆ. ಮೊದಲು ಅದನ್ನು ರೇಡಿಯೋದಿಂದ ಬಿಚ್ಚಿ ಬೇರೆ ಇಡಿ, ಯಾಕೆಂದರೆ ಆ ಆಮ್ಲದ ಆವಿಗೆ ಹತ್ತಿರದ ಲೋಹವೆಲ್ಲ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಆವಿ ಒಳಗೇ ಸಿಕ್ಕಿಕೊಂಡಷ್ಟೂ ಕೊಳೆಯುವ ವೇಗ ಹೆಚ್ಚುತ್ತದೆ. ಆಮ್ಲವಿಲ್ಲದ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ತಣ್ಣನೆಯ ಒಣ ಜಾಗದಲ್ಲಿಡಿ. ಅದಕ್ಕೂ ಮುಂಚೆ, ಇನ್ನೂ ಆಕಾರ ಗುರುತು ಸಿಗುವಷ್ಟು ಉಳಿದಿರುವಾಗಲೇ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಮುಂದೆ-ಹಿಂದೆ ಫೋಟೋ ತೆಗೆದುಕೊಳ್ಳಿ. ಹೊಸ ಜಾಲರಿ ಮಾಡಿಸುವ ದಿನ ಬಂದರೆ ಮಾಡುವವರು ಕೇಳುವುದು ಅದನ್ನೇ.